ದವಡೆಯಿಲ್ಲದ ಮೀನಿಗೆ ಮೂರು ಹೆಸರು: ಅಗ್ನಾಥಾ, ಸೈಕ್ಲೊಸ್ಟೊಮಾಟಾ, ಆಸ್ಟ್ರಕೋಡರ್ಮ್. ಯಾವುದು ಸರಿ?

ಸಂಜೆಓದು

ಎಲ್ಲರಿಗೂ ನಮಸ್ಕಾರ. ತಂಗಿ ಬಿಎಸ್ಸಿ ಮೊದಲ ವರ್ಷ, ಪ್ರಾಣಿಶಾಸ್ತ್ರ. ನಾನು ಕಾಮರ್ಸ್ ಓದಿದವಳು. ಆದರೂ ರಾತ್ರಿ ಅವಳ ಜೊತೆ ಕೂತು ಪ್ರಶ್ನೆ ಕೇಳಿ ಓದಿಸುವ ಕೆಲಸ ನನ್ನದೇ. ನಿನ್ನೆ ಒಂದು ಪ್ರಶ್ನೆಯಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡೆವು. "ದವಡೆಯಿಲ್ಲದ ಪ್ರಾಚೀನ ಮೀನುಗಳನ್ನು ವೈಜ್ಞಾನಿಕವಾಗಿ ಏನೆಂದು ಕರೆಯುತ್ತಾರೆ?" ಅಷ್ಟೇ ಪ್ರಶ್ನೆ. ಪುಸ್ತಕದಲ್ಲಿ ಅಗ್ನಾಥಾ ಅಂತ ಇದೆ. ಅವಳ ಕ್ಲಾಸ್ ನೋಟ್ಸ್‌ನಲ್ಲಿ ಸೈಕ್ಲೊಸ್ಟೊಮಾಟಾ ಅಂತ ಇದೆ. ಹಳೆಯ ಪ್ರಶ್ನೆಪತ್ರಿಕೆಯೊಂದರ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಿಂದ ಆಸ್ಟ್ರಕೋಡರ್ಮ್ ಅಂತ ಬರೆದಿದ್ದಾರೆ. ಮೂರೂ ಒಂದೇನಾ? ಒಂದೇ ಆದರೆ ಮೂರು ಹೆಸರು ಯಾಕೆ?

ಇನ್ನೊಂದು ವಿಷಯ. ಪ್ರಾಚೀನ ಅನ್ನುತ್ತಾರೆ, ಅದೇ ಪುಟದಲ್ಲಿ ಈಗಲೂ ಬದುಕಿವೆ ಅಂತಲೂ ಇದೆ. ಬಾಯಿ ಇದೆಯಂತೆ, ಹಲ್ಲೂ ಇದೆಯಂತೆ, ದವಡೆ ಮಾತ್ರ ಇಲ್ಲವಂತೆ. ದವಡೆ ಇಲ್ಲದೆ ಹಲ್ಲು ಎಲ್ಲಿ ಕೂತಿರುತ್ತೆ ಅಂತ ತಂಗಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಲ್ಲುಪುಟ

ನಿಮ್ಮ ಪ್ರಶ್ನೆಗೆ ಬೇಕಾದ ಪದ ಅಗ್ನಾಥಾ. ಮಿಕ್ಕ ಎರಡೂ ತಪ್ಪು ಪದಗಳಲ್ಲ, ಆದರೆ ಅವು ಹೇಳುವುದು ಬೇರೆ.

ಪದ ಬಿಡಿಸಿ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ಗ್ರೀಕ್ ಭಾಷೆಯಲ್ಲಿ ಗ್ನಾಥೋಸ್ ಎಂದರೆ ದವಡೆ. ಮುಂದಿರುವ ಅ 'ಇಲ್ಲ' ಅನ್ನುವುದಕ್ಕೆ. ಅಶಾಂತಿ, ಅನ್ಯಾಯ ಅನ್ನುವಾಗ ನಾವು ಹಾಕುತ್ತೇವಲ್ಲ, ಅದೇ ಅ. ಸಂಸ್ಕೃತಕ್ಕೂ ಗ್ರೀಕಿಗೂ ಅದು ಒಂದೇ ಬೇರಿನಿಂದ ಬಂದದ್ದು. ಕನ್ನಡದಲ್ಲಿ ಬರೆದಾಗ ಅನಾಥ, ಜಗನ್ನಾಥ ನೆನಪಾಗಿ ನಾಥ ಅನ್ನುವ ಪದ ಒಳಗಿದೆ ಅನಿಸುತ್ತದೆ, ಹಾಗೇನೂ ಇಲ್ಲ. ಅ ಬಿಟ್ಟು ಗ್ನಾಥ ಅಂತ ಓದಬೇಕು. ತಂಗಿಗೆ ನೆನಪಿಡುವುದಕ್ಕೆ ಇನ್ನೊಂದು ದಾರಿ ಇದೆ. ಸಂಸ್ಕೃತದಲ್ಲಿ ದವಡೆಗೆ ಹನು ಅನ್ನುತ್ತಾರೆ. ಎದ್ದು ಕಾಣುವ ಹನು ಇರುವವನು ಹನುಮಂತ. ಈ ಮೀನುಗಳು ಹನುವೇ ಇಲ್ಲದವು. ಒಮ್ಮೆ ಹೀಗೆ ಹೇಳಿಕೊಂಡರೆ ಮರೆಯುವುದಿಲ್ಲ. ದವಡೆ ಇರುವ ಗುಂಪಿಗೆ ಗ್ನಾಥೊಸ್ಟೊಮಾಟಾ ಎಂದು ಹೆಸರು, ಅಂದರೆ ದವಡೆಬಾಯಿಯವು. ಶಾರ್ಕ್, ಕಪ್ಪೆ, ಹಾವು, ಹಕ್ಕಿ, ನಾವು, ಎಲ್ಲ ಅದರಲ್ಲೇ.

ಸೈಕ್ಲೊಸ್ಟೊಮಾಟಾ ಎಂದರೆ ದುಂಡುಬಾಯಿಯವು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದ್ಯುಮೆರಿಲ್ 1806 ರಲ್ಲಿ ಇಟ್ಟ ಹೆಸರು. ಇವತ್ತು ಬದುಕಿರುವ ಎರಡೇ ಎರಡು ಬಗೆಗೆ ಇದು ಸಲ್ಲುತ್ತದೆ: ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್. ಆಸ್ಟ್ರಕೋಡರ್ಮ್ ಎಂದರೆ ಚಿಪ್ಪುಚರ್ಮದವು. ತಲೆಯ ಮೇಲೆ ಮೂಳೆಯ ಗುರಾಣಿ ಹೊತ್ತಿದ್ದ ಹಳೆಯ ಮೀನುಗಳು, ಎಲ್ಲವೂ ಅಳಿದುಹೋಗಿವೆ, ಕಲ್ಲಿನಲ್ಲಿ ಮಾತ್ರ ಸಿಗುತ್ತವೆ. ಅಗ್ನಾಥಾ ಈ ಎರಡನ್ನೂ ಒಳಗೆ ಹಾಕಿಕೊಂಡ ದೊಡ್ಡ ಚೀಲ.

ಆ ಚೀಲದ ಬಗ್ಗೆಯೇ ಒಂದು ತಕರಾರು ಇದೆ. ಅದನ್ನು ಆಮೇಲೆ ಬರೆಯುತ್ತೇನೆ. ಹೇಗೆ ತಿನ್ನುತ್ತವೆ ಅನ್ನುವುದನ್ನು ಬದುಕಿರುವ ಪ್ರಾಣಿಯ ಜೊತೆ ಕೆಲಸ ಮಾಡಿದವರು ಹೇಳಿದರೆ ಚೆನ್ನಾಗಿರುತ್ತೆ.

ಫಾರ್ಮಲಿನ್ ಜಾರ್

ಜೀವಂತ ಲ್ಯಾಂಪ್ರೆ ನಾನೂ ನೋಡಿಲ್ಲ, ಆದರೆ ಸ್ಪೆಸಿಮನ್ ಜೊತೆ ತುಂಬಾ ವರ್ಷ ಕಳೆದಿದ್ದೇನೆ. ಪ್ರಾಕ್ಟಿಕಲ್ ಲ್ಯಾಬಿನ ಕಪಾಟಿನಲ್ಲಿ ಪೆಟ್ರೊಮೈಜಾನ್ (ಲ್ಯಾಂಪ್ರೆಯ ಶಾಸ್ತ್ರೀಯ ಹೆಸರು) ಅಂತ ಚೀಟಿ ಅಂಟಿಸಿದ ಗಾಜಿನ ಜಾರ್ ಇರುತ್ತೆ, ತಂಗಿಗೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡೋಕೆ ಹೇಳಿ. ಸುಮ್ನೆ ಎದುರಿನಿಂದ ಚಿತ್ರ ಬರೆದು ಇಟ್ಟುಬಿಟ್ಟರೆ ಏನೂ ಗೊತ್ತಾಗುವುದಿಲ್ಲ.

ಮೊದಲು ಬಾಯಿ. ಕೆಳಗಿನಿಂದ ನೋಡಬೇಕು. ಒಂದು ದುಂಡು ಬಟ್ಟಲು, ಅಂಚಿನ ಸುತ್ತ ಮೆತ್ತಗಿನ ಸಣ್ಣ ಸಣ್ಣ ಎಳೆಗಳು. ಒಳಗೆ ಹಳದಿ ಹಲ್ಲುಗಳು ವೃತ್ತ ವೃತ್ತವಾಗಿ ಕೂತಿರುತ್ತವೆ, ಅಂಚಿನಲ್ಲಿ ಚಿಕ್ಕವು, ಮಧ್ಯಕ್ಕೆ ಹೋದ ಹಾಗೆ ದೊಡ್ಡವು. ನಟ್ಟನಡುವೆ ನಾಲಿಗೆಯಂಥ ಒಂದು ಗಟ್ಟಿ ಭಾಗ, ಅದರ ಮೇಲೂ ಹಲ್ಲು. ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ಹಲ್ಲು ನಮ್ಮ ಹಲ್ಲಿನಂತೆ ಮೂಳೆಗೆ ನೆಟ್ಟದ್ದಲ್ಲ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದ ಆದ ಮುಳ್ಳುಗಳು ಇವು. ಚರ್ಮದ ಮೇಲೇ ಬೆಳೆದಿರುತ್ತವೆ, ಸವೆದರೆ ಕಳಚಿಬಿದ್ದು ಕೆಳಗಿನಿಂದ ಹೊಸದು ಬರುತ್ತದೆ. ಹಾಗಾಗಿ ಅವಕ್ಕೆ ದವಡೆ ಬೇಕಾಗಿಲ್ಲ.

ತಿನ್ನುವ ರೀತಿ ಹೀಗೆ. ಬಟ್ಟಲು ಬಾಯಿಯನ್ನು ಇನ್ನೊಂದು ಮೀನಿನ ಮೈಗೆ ಒತ್ತಿ ಒಳಗಿನಿಂದ ಹೀರಿ ಕಚ್ಚಿಕೊಳ್ಳುತ್ತದೆ. ಮುಳ್ಳುಗಳು ಜಾರದಂತೆ ಹಿಡಿಯುತ್ತವೆ. ನಾಲಿಗೆ ಹಿಂದೆ ಮುಂದೆ ಆಡಿ ಹುರುಪೆ, ಚರ್ಮ ಕೆರೆದು ತೂತು ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಜೊಲ್ಲಿನಲ್ಲಿ ಒಂದು ರಸ ಇರುತ್ತದೆ. ಬಾಯಿ ಪೂರ್ತಿ ಅಂಟಿಕೊಂಡಿರುವಾಗ ಉಸಿರಾಟ ಹೇಗೆ? ನಮಗೆ ಗೊತ್ತಿರುವ ಮೀನುಗಳು ಬಾಯಿಯಿಂದ ನೀರು ತೆಗೆದುಕೊಂಡು ಕಿವಿರಿನಿಂದ ಬಿಡುತ್ತವೆ ಅಲ್ವಾ, ಲ್ಯಾಂಪ್ರೆ ಕಚ್ಚಿಕೊಂಡಿರುವಾಗ ಕಿವಿರಿನ ತೂತಿನಿಂದಲೇ ನೀರು ಒಳಗೆ ಎಳೆದು ಅದೇ ತೂತಿನಿಂದ ಹೊರಗೆ ಬಿಡುತ್ತದೆ. ನನಗೆ ಈ ಪ್ರಾಣಿಯಲ್ಲಿ ತುಂಬಾ ಇಷ್ಟವಾದ ಏರ್ಪಾಡು ಇದು.

ಈಗ ಜಾರ್ ಪಕ್ಕಕ್ಕೆ ತಿರುಗಿಸಿ. ಕಣ್ಣಿನ ಹಿಂದೆ ಸಾಲಾಗಿ ಏಳು ದುಂಡು ತೂತು. ಕಿವಿರು ಮುಚ್ಚುವ ಮುಚ್ಚಳ ಇಲ್ಲ. ಜರ್ಮನ್ ಭಾಷೆಯಲ್ಲಿ ಇದಕ್ಕೆ ನೊಯ್ನ್‌ಔಗೆ ಅನ್ನುತ್ತಾರೆ, ಅಂದರೆ ಒಂಬತ್ತು ಕಣ್ಣಿನದು. ಏಳು ತೂತು, ಒಂದು ಕಣ್ಣು, ಒಂದು ಮೂಗಿನ ಹೊಳ್ಳೆ, ಎಲ್ಲವನ್ನೂ ಕಣ್ಣು ಅಂತ ಎಣಿಸಿದ್ದಾರೆ. ಜಪಾನಿನವರು ಹೊಳ್ಳೆ ಬಿಟ್ಟು ಎಣಿಸಿ ಎಂಟು ಕಣ್ಣಿನ ಹಾವುಮೀನು ಅಂದರು. ಹೆಸರಿನಲ್ಲಿ ಹಾವುಮೀನು ಇದ್ದರೂ ಇದು ಹಾವುಮೀನು ಅಲ್ಲ. ಹಾವುಮೀನಿಗೆ ಸರಿಯಾದ ದವಡೆ ಇದೆ, ಮೂಳೆ ಇದೆ, ಕಿವಿರಿಗೆ ಮುಚ್ಚಳದ ಹಿಂದೆ ಒಂದೇ ಕಂಡಿ. ಉದ್ದಕ್ಕೆ ನುಣುಪಾಗಿದೆ ಅನ್ನುವುದಷ್ಟೇ ಹೋಲಿಕೆ. ಲ್ಯಾಂಪ್ರೆಗೆ ಹುರುಪೆ ಇಲ್ಲ, ಎದೆಯ ಪಕ್ಕ ಜೋಡಿ ರೆಕ್ಕೆ ಇಲ್ಲ, ಮೈಯೊಳಗೆ ಗಟ್ಟಿ ಮೂಳೆಯೇ ಇಲ್ಲ, ಎಲ್ಲ ಮೆದುಮೂಳೆ.

ಎಲ್ಲ ಲ್ಯಾಂಪ್ರೆಗಳೂ ರಕ್ತ ಹೀರುವುದಿಲ್ಲ, ಇದನ್ನು ಪುಸ್ತಕಗಳು ಸರಿಯಾಗಿ ಹೇಳುವುದಿಲ್ಲ. ಸುಮಾರು 40 ಜಾತಿ ಇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದೊಡ್ಡದಾದ ಮೇಲೆ ಏನನ್ನೂ ತಿನ್ನುವುದೇ ಇಲ್ಲ. ಮರಿಯಾಗಿದ್ದಾಗ ತಿಂದದ್ದರ ಮೇಲೇ ಬದುಕಿ, ಮೊಟ್ಟೆ ಇಟ್ಟು ಸತ್ತುಹೋಗುತ್ತವೆ. ಮರಿಗೆ ಅಮ್ಮೊಸೀಟ್ ಅಂತ ಹೆಸರು. ಕಣ್ಣು ಚರ್ಮದೊಳಗೆ ಮುಚ್ಚಿಹೋಗಿರುತ್ತದೆ, ಹಲ್ಲು ಇರುವುದಿಲ್ಲ. ಹೊಳೆಯ ತಳದ ಕೆಸರಿನಲ್ಲಿ ಹೂತುಕೊಂಡು ನೀರಿನಲ್ಲಿ ತೇಲಿಬರುವ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತಾ ಮೂರು ವರ್ಷ, ಐದು ವರ್ಷ, ಕೆಲವು ಕಡೆ ಅದಕ್ಕೂ ಹೆಚ್ಚು ಕಾಲ ಕಳೆಯುತ್ತದೆ. ಮರಿಗೂ ದೊಡ್ಡದಕ್ಕೂ ಎಷ್ಟು ವ್ಯತ್ಯಾಸ ಅಂದರೆ ಹಿಂದೆ ಮರಿಯನ್ನು ಬೇರೆಯೇ ಪ್ರಾಣಿ ಅಂದುಕೊಂಡು ಬೇರೆ ಹೆಸರು ಕೊಟ್ಟಿದ್ದರು. ಅಮ್ಮೊಸೀಟ್ ಅನ್ನುವುದು ಆ ಹೆಸರಿನಿಂದಲೇ ಉಳಿದದ್ದು.

ಪ್ರಾಚೀನ ಅಂದಾಕ್ಷಣ ಕೈಲಾಗದ ಪ್ರಾಣಿ ಅಂದುಕೊಳ್ಳಬೇಡಿ. ಅಮೆರಿಕ ಮತ್ತು ಕೆನಡಾ ನಡುವಿನ ದೊಡ್ಡ ಸರೋವರಗಳ ಕಥೆ ಗೊತ್ತಿರಬಹುದು. ನಯಾಗರಾ ಜಲಪಾತ ಅಡ್ಡ ಇದ್ದದ್ದರಿಂದ ಕಡಲಿನ ಲ್ಯಾಂಪ್ರೆ ಮೇಲಿನ ಸರೋವರಗಳಿಗೆ ಹತ್ತಲು ಆಗುತ್ತಿರಲಿಲ್ಲ. ಹಡಗು ಹೋಗಲಿ ಅಂತ ಜಲಪಾತವನ್ನು ಬಳಸಿ ವೆಲೆಂಡ್ ಕಾಲುವೆ ತೋಡಿದರು, ಇದಕ್ಕೂ ದಾರಿ ಸಿಕ್ಕಿತು. 1921 ರಲ್ಲಿ ಈರಿ ಸರೋವರದಲ್ಲಿ ಕಂಡಿತು. 1930 ರ ದಶಕ ಮುಗಿಯುವಷ್ಟರಲ್ಲಿ ಎಲ್ಲಕ್ಕಿಂತ ಮೇಲಿನ ಸುಪೀರಿಯರ್ ಸರೋವರಕ್ಕೂ ಹೋಗಿತ್ತು. ಒಂದು ಲ್ಯಾಂಪ್ರೆ ರಕ್ತ ಹೀರುವ ಒಂದೂವರೆ ವರ್ಷದಲ್ಲಿ 18 ಕೆಜಿಯಷ್ಟು ಮೀನು ಕೊಲ್ಲಬಲ್ಲದು. ಅಲ್ಲಿನ ಟ್ರೌಟ್ ಮೀನುಗಾರಿಕೆ ನೆಲಕಚ್ಚಿತು. ಕೊನೆಗೆ ಸುಮಾರು 6000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಮಿಕ್ಕ ಮೀನುಗಳಿಗೆ ಅಷ್ಟಾಗಿ ತೊಂದರೆ ಮಾಡದೆ ಕೆಸರಿನಲ್ಲಿರುವ ಮರಿಗಳನ್ನು ಕೊಲ್ಲುವ ಟಿಎಫ್‌ಎಂ ಅನ್ನುವುದನ್ನು ಹುಡುಕಿದರು. 1958 ರಿಂದ ಹೊಳೆಗಳಿಗೆ ಹಾಕುತ್ತಿದ್ದಾರೆ, ಈಗಲೂ ನಿಂತಿಲ್ಲ. ದವಡೆ ಇಲ್ಲದ ಮೀನು ದವಡೆ ಇರುವ ಮೀನನ್ನು ಈ ಮಟ್ಟಕ್ಕೆ ತಂದಿತು.

ಸಂಜೆಓದು

ಅಬ್ಬಾ, ಇಷ್ಟು ಬರೆದದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಲ್ಲು ಚರ್ಮದ ಮೇಲೆ ಬೆಳೆಯುತ್ತೆ ಅಂದದ್ದು ತಂಗಿಗೆ ಓದಿ ಹೇಳಿದೆ, ಅವಳು ತನ್ನ ಉಗುರು ನೋಡಿಕೊಂಡಳು.

ಹ್ಯಾಗ್‌ಫಿಶ್ ಬಗ್ಗೆ ಯಾರಾದರೂ ಹೇಳಿ. ಅವಳ ಪುಸ್ತಕದಲ್ಲಿ ಲ್ಯಾಂಪ್ರೆಗೆ ಎರಡು ಪುಟ, ಹ್ಯಾಗ್‌ಫಿಶ್‌ಗೆ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲೂ "ಬೆನ್ನುಮೂಳೆ ಇಲ್ಲ, ತಲೆಬುರುಡೆ ಇದೆ" ಅಂತ ಇದೆ. ಬೆನ್ನುಮೂಳೆ ಇಲ್ಲ ಅಂದಮೇಲೆ ಅದು ಕಶೇರುಕಗಳ ಪಾಠದಲ್ಲಿ ಯಾಕಿದೆ?

ಆಳನೀರು

ಬೆನ್ನುಮೂಳೆ ಇಲ್ಲ ಅನ್ನುವ ಆ ಸಾಲು ಹಳೆಯದಾಗಿದೆ. ಹ್ಯಾಗ್‌ಫಿಶ್‌ಗೆ ಬೆನ್ನುಮೂಳೆ ಪೂರ್ತಿ ಇಲ್ಲ ಅಂತಲೇ ಬಹಳ ಕಾಲ ನಂಬಿದ್ದರು. 2011 ರಲ್ಲಿ ಜಪಾನಿನ ಶಿಗೆರು ಕುರಾತಾನಿ ಅವರ ತಂಡ ಬಾಲದ ಕಡೆ ಕಶೇರುವಿನ ಸಣ್ಣ ಸಣ್ಣ ಮೆದುಮೂಳೆ ತುಣುಕುಗಳಿವೆ ಎಂದು ತೋರಿಸಿತು. ಅಂದರೆ ಇದರ ಹಿರಿಯರಿಗೆ ಬೆನ್ನುಮೂಳೆ ಇತ್ತು, ಇದರಲ್ಲಿ ಸವೆದು ಸವೆದು ಅಷ್ಟಕ್ಕೆ ಬಂದಿದೆ. ಕಶೇರುಕಗಳ ಪಾಠದಲ್ಲಿ ಇರುವುದು ಸರಿಯೇ.

ಜೀವಿಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್ 1758 ರಲ್ಲಿ ಇದನ್ನು ಹುಳುಗಳ ಜೊತೆ ಸೇರಿಸಿದ್ದ. ಅವನನ್ನು ಬೈಯುವ ಹಾಗಿಲ್ಲ. ತಿಳಿಗುಲಾಬಿ ಇಲ್ಲವೇ ಬೂದು ಬಣ್ಣದ ಉದ್ದ ಮೈ, ಚರ್ಮ ಸಡಿಲವಾದ ಚೀಲದ ಹಾಗೆ, ಕಣ್ಣು ಇದೆಯೋ ಇಲ್ಲವೋ ಅನ್ನುವಷ್ಟು, ಮೂತಿಯ ಸುತ್ತ ಮೀಸೆಯಂಥ ಬೆರಳುಗಳು. ಸತ್ತ ತಿಮಿಂಗಿಲ ಕಡಲ ತಳಕ್ಕೆ ಬಿದ್ದರೆ ಇವು ಬಂದು ಒಳಗೆ ನುಗ್ಗಿ ಒಳಗಿನಿಂದ ತಿನ್ನುತ್ತವೆ. ಹಾಗೆ ಹೆಣದೊಳಗೆ ಇರುವಾಗ ಚರ್ಮದಿಂದಲೂ ಕಿವಿರಿನಿಂದಲೂ ಪೋಷಕಾಂಶ ಹೀರಿಕೊಳ್ಳಬಲ್ಲವು. ಹೃದಯ ನಾಲ್ಕು, ಒಂದು ಮುಖ್ಯವಾದದ್ದು, ಮೂರು ಸಹಾಯಕ್ಕೆ. ರಕ್ತದ ಉಪ್ಪು ಕಡಲ ನೀರಿನ ಉಪ್ಪಿನಷ್ಟೇ. ಕಶೇರುಕಗಳಲ್ಲಿ ಹೀಗಿರುವುದು ಇದೊಂದೇ.

ಲೋಳೆಯ ಬಗ್ಗೆ ಹೇಳದೆ ಇರೋಕಾಗಲ್ಲ. ಮೈಯ ಎರಡೂ ಪಕ್ಕ ಚುಕ್ಕೆಗಳ ಸಾಲಿನಂತೆ ಗ್ರಂಥಿಗಳಿವೆ. ಯಾವುದಾದರೂ ಮೀನು ಬಾಯಿ ಹಾಕಿತು ಅನ್ನಿ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಗ್ರಂಥಿಗಳಿಂದ ಲೋಳೆ ಚಿಮ್ಮುತ್ತದೆ. ಹೊರಬರುವುದು ಒಂದು ಚೂರು, ಆದರೆ ನೀರಿಗೆ ಸೇರಿದ ತಕ್ಷಣ ಬಕೆಟ್ ತುಂಬುವಷ್ಟು ಉಬ್ಬಿಬಿಡುತ್ತೆ. ಅದು ಬರೀ ಅಂಟಲ್ಲ, ಒಳಗೆ ದಾರ ಇದೆ. ಒಂದೊಂದು ಜೀವಕೋಶದೊಳಗೂ ಹತ್ತು ಹದಿನೈದು ಸೆಂಟಿಮೀಟರ್ ಉದ್ದದ ಒಂದು ನವಿರಾದ ಎಳೆ ನೂಲಿನ ಉಂಡೆಯ ಹಾಗೆ ಸುತ್ತಿಟ್ಟಿರುತ್ತದೆ. ನೀರಿಗೆ ಬಿದ್ದಾಗ ಅದು ಬಿಚ್ಚಿಕೊಂಡು ಬಲೆಯಾಗುತ್ತದೆ, ಬಲೆಯಲ್ಲಿ ನೀರು ನಿಲ್ಲುತ್ತದೆ. ಕಚ್ಚಲು ಬಂದ ಮೀನಿನ ಕಿವಿರಿಗೆ ಇದು ಮೆತ್ತಿಕೊಂಡು ಉಸಿರು ಕಟ್ಟುತ್ತದೆ. ನ್ಯೂಜಿಲೆಂಡ್ ಹತ್ತಿರ ಆಳದಲ್ಲಿ ಕ್ಯಾಮೆರಾ ಇಟ್ಟು ತೆಗೆದ ವಿಡಿಯೊಗಳಲ್ಲಿ ಶಾರ್ಕ್ ಬಂದು ಕಚ್ಚಿ, ಮರುಕ್ಷಣ ಬಾಯಿ ತೆರೆದುಕೊಂಡು ತಲೆ ಕೊಡವುತ್ತಾ ಹಿಂದೆ ಸರಿಯುವುದು ಕಾಣುತ್ತದೆ. ಹ್ಯಾಗ್‌ಫಿಶ್ ಏನೂ ಆಗದವರ ಹಾಗೆ ತಿನ್ನುವುದನ್ನು ಮುಂದುವರಿಸುತ್ತದೆ. 2017 ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಇವುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಲಾರಿಯಿಂದ ಟ್ಯಾಂಕ್‌ಗಳು ಹೆದ್ದಾರಿಗೆ ಬಿದ್ದು ರಸ್ತೆ, ಕಾರು ಎಲ್ಲ ಬಿಳಿ ಲೋಳೆಯಲ್ಲಿ ಮುಳುಗಿದ ಫೋಟೋಗಳಿವೆ, ತಂಗಿಗೆ ತೋರಿಸಿ.

ತನ್ನ ಲೋಳೆಯಲ್ಲಿ ತಾನೇ ಉಸಿರು ಕಟ್ಟಿ ಸಾಯುವ ಅಪಾಯ ಇದಕ್ಕೂ ಇದೆ. ಅದಕ್ಕೆ ಬಾಲದ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತದೆ. ನಿಜವಾದ ಗಂಟು, ನಾವು ದಾರಕ್ಕೆ ಹಾಕುವಂಥದ್ದು. ಆ ಗಂಟನ್ನು ಬಾಲದಿಂದ ತಲೆಯ ಕಡೆಗೆ ಜಾರಿಸುತ್ತಾ ಬರುತ್ತದೆ, ಲೋಳೆಯೆಲ್ಲ ಒರೆಸಿಕೊಂಡು ಹೋಗುತ್ತದೆ. ಇದೇ ಗಂಟು ತಿನ್ನುವುದಕ್ಕೂ ಬೇಕು. ಬಾಯೊಳಗೆ ಎರಡು ಸಾಲು ಕೆರಾಟಿನ್ ಹಲ್ಲು ಪುಸ್ತಕದ ಹಾಳೆ ತೆರೆದು ಮುಚ್ಚುವ ಹಾಗೆ ಪಕ್ಕಕ್ಕೆ ಬಿಚ್ಚಿ ಮುಚ್ಚಿ ಮಾಂಸ ಹಿಡಿಯುತ್ತವೆ. ಹಿಡಿದದ್ದನ್ನು ಕಚ್ಚಿ ತುಂಡು ಮಾಡುವುದಕ್ಕೆ ದವಡೆಯ ಬಲ ಬೇಕಲ್ಲ, ಅದಿಲ್ಲ. ಗಂಟನ್ನು ಹೆಣದ ಮೈಗೆ ಒತ್ತಿ ಆನಿಕೊಂಡು ತಲೆಯನ್ನು ಹಿಂದಕ್ಕೆ ಎಳೆಯುತ್ತದೆ, ಮಾಂಸ ಕಿತ್ತುಬರುತ್ತದೆ. ದವಡೆ ಮಾಡುವ ಕೆಲಸವನ್ನು ಇದು ಇಡೀ ಮೈಯಿಂದ ಮಾಡುತ್ತದೆ.

ನೇರಮಾತು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಮೊದಲ ಉತ್ತರದಲ್ಲಿ ಅಗ್ನಾಥಾ ಸರಿ ಅಂತ ಹೇಳಿದ್ದು ನನಗೆ ಒಪ್ಪಿಗೆಯಿಲ್ಲ. ಆ ಪದವನ್ನು ವರ್ಗೀಕರಣದಲ್ಲಿ ಬಿಟ್ಟು ಎಷ್ಟೋ ವರ್ಷ ಆಯಿತು. ಅದು ಒಂದು ವಂಶ ಅಲ್ಲ. ದವಡೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸಂಬಂಧ ಇಲ್ಲದವರನ್ನೆಲ್ಲ ಒಂದು ಕೋಣೆಗೆ ತಳ್ಳಿದ ಹಾಗಿದೆ. ಮಕ್ಕಳಿಗೆ ಅದನ್ನೇ ಕಲಿಸಿದರೆ ತಪ್ಪೇ ಕಲಿಸಿದಂತೆ. ಸೈಕ್ಲೊಸ್ಟೊಮಾಟಾ ಅಂತ ಹೇಳಿ ಮುಗಿಸಬೇಕು.

ಕಲ್ಲುಪುಟ

ನಾನು ಆಮೇಲೆ ಬರೆಯುತ್ತೇನೆ ಅಂದ ತಕರಾರು ಇದೇ. ವಂಶ ಅಲ್ಲ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಪದ ಬಿಡಬೇಕು ಅನ್ನುವುದನ್ನು ಒಪ್ಪುವುದಿಲ್ಲ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಸೈಕ್ಲೊಸ್ಟೊಮಾಟಾ ಅಂತ ಮುಗಿಸಿದರೆ ಕಲ್ಲಿನಲ್ಲಿರುವವು ಎಲ್ಲಿ ಹೋಗಬೇಕು? ದವಡೆಯಿಲ್ಲದ ಮೀನುಗಳ ಕಥೆಯಲ್ಲಿ ಬದುಕಿ ಉಳಿದವು ಕೊನೆಯ ಎರಡು ಕೊಂಬೆ ಮಾತ್ರ. ಚೀನಾದ ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್ ಎಂಬಲ್ಲಿ ಸಿಕ್ಕ ಹೈಕೊಇಕ್ತಿಸ್, ಮಿಲ್ಲೊಕುನ್ಮಿಂಜಿಯಾ ಎರಡನ್ನೂ 1999 ರಲ್ಲಿ ವಿವರಿಸಿದರು. ಸುಮಾರು 52 ಕೋಟಿ ವರ್ಷ ಹಳೆಯವು. ಹೆಬ್ಬೆರಳಿನ ಮೇಲೆ ಮಲಗಿಸಬಹುದಾದಷ್ಟು ಚಿಕ್ಕವು. ಅಷ್ಟು ಹಳೆಯ ಕಲ್ಲಿನಲ್ಲೂ ಕಿವಿರಿನ ಗುರುತು, ಮೈಯ ಸ್ನಾಯುಗಳ ಅಂಕುಡೊಂಕು ಪಟ್ಟೆ ಕಾಣುತ್ತದೆ. ದವಡೆ ಇಲ್ಲ. ಆಮೇಲೆ ಸುಮಾರು 46 ಕೋಟಿ ವರ್ಷದ ಹಿಂದಿನ ಸಕಬಂಬಾಸ್ಪಿಸ್, ಬೊಲಿವಿಯಾದಲ್ಲಿ ಸಿಕ್ಕಿದ್ದು. 2023 ರಲ್ಲಿ ಎರಡು ಕಣ್ಣೂ ಮೂತಿಯ ಮುಂದೆಯೇ ಇರುವ, ತ್ರಿಕೋನದ ಬಾಯಿಯ ಒಂದು ಮೀನಿನ ಬೊಂಬೆಯ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತಲ್ಲ, ಅದೇ. ಬೊಂಬೆ ಇರುವುದು ಹೆಲ್ಸಿಂಕಿಯ ಮ್ಯೂಸಿಯಂನಲ್ಲಿ. ಕಣ್ಣು ಮುಂದೆ ಇರುವುದು ನಿಜ, ಬೊಂಬೆ ಮಾಡಿದವರು ಸೇರಿಸಿದ್ದಲ್ಲ.

ಈಗ ಮುಖ್ಯ ವಿಷಯ. ಆಸ್ಟ್ರಕೋಡರ್ಮ್‌ಗಳಲ್ಲಿ ಸೆಫಲಾಸ್ಪಿಸ್ ಅಂತ ಒಂದಿದೆ. ಕುದುರೆ ಲಾಳದ ಆಕಾರದ ತಲೆಗುರಾಣಿ, ಎರಡು ಕಣ್ಣು ಗುರಾಣಿಯ ನೆತ್ತಿಯಲ್ಲಿ ಒಂದರ ಪಕ್ಕ ಒಂದು. ಬಾಯಿ ಕೆಳಗಡೆ. ಸ್ವೀಡನ್ನಿನ ಎರಿಕ್ ಸ್ಟೆನ್ಸಿಯೊ ಇದರ ಹತ್ತಿರದ ಬಂಧುಗಳ ತಲೆಗಳನ್ನು, ಸ್ಪಿಟ್ಸ್‌ಬರ್ಗನ್ ದ್ವೀಪದಿಂದ ತಂದವನ್ನು, ಕೂದಲೆಳೆಯಷ್ಟು ಉಜ್ಜಿ ಚಿತ್ರ ಬರೆದು, ಮತ್ತೆ ಉಜ್ಜಿ ಮತ್ತೆ ಚಿತ್ರ ಬರೆದು, ಒಳಗೆ ನರ ಹೋಗುವ ದಾರಿ, ರಕ್ತನಾಳ, ಮಿದುಳು ಕೂತ ಜಾಗ ಎಲ್ಲವನ್ನೂ ಮರಳಿ ಕಟ್ಟಿದ. 1927 ರಲ್ಲಿ ಪುಸ್ತಕ ಬಂತು. ಆ ಕೆಲಸಕ್ಕೆ ಒಂದೊಂದು ತಲೆಯೂ ಪುಡಿಯಾಗಿ ಹೋಗುತ್ತಿತ್ತು, ಉಳಿಯುತ್ತಿದ್ದದ್ದು ಚಿತ್ರ ಮಾತ್ರ. ಈ ಗುಂಪಿನ ಮೀನುಗಳಿಗೆ ದವಡೆ ಇಲ್ಲ, ಆದರೆ ಎದೆಯ ಪಕ್ಕ ಜೋಡಿ ರೆಕ್ಕೆ ಇದೆ, ಮೂಳೆಯಲ್ಲಿ ಜೀವಕೋಶ ಇದೆ. ಲ್ಯಾಂಪ್ರೆಗೆ ಎರಡೂ ಇಲ್ಲ. ನಮಗೆ ಎರಡೂ ಇದೆ, ನಮ್ಮ ಕೈ ಬಂದದ್ದೇ ಆ ಜೋಡಿ ರೆಕ್ಕೆಯ ಸಾಲಿನಿಂದ. ಅಂದರೆ ಸೆಫಲಾಸ್ಪಿಸ್ ತನ್ನಂತೆಯೇ ದವಡೆಯಿಲ್ಲದ ಲ್ಯಾಂಪ್ರೆಗಿಂತ ದವಡೆ ಇರುವ ನಮಗೆ ಹತ್ತಿರದ ನೆಂಟ. ಅಗ್ನಾಥಾ ವಂಶ ಅಲ್ಲ ಅನ್ನುವುದಕ್ಕೆ ಇದೇ ಕಾರಣ. ಚೀಲದಿಂದ ನಮ್ಮನ್ನು ಹೊರಗಿಟ್ಟು, ನಮ್ಮ ಹತ್ತಿರದವರನ್ನು ಒಳಗೆ ಕಟ್ಟಿದ್ದೇವೆ.

ಇನ್ನೊಂದು ಉದಾಹರಣೆ ಶೂಯು. ಚೀನಾದ್ದೇ, ಗ್ಯಾಲಿಯಾಸ್ಪಿಡ್ ಅನ್ನುವ ಅಳಿದ ಗುರಾಣಿ ಮೀನುಗಳ ಗುಂಪಿನದು. ಸ್ಟೆನ್ಸಿಯೊ ಕಾಲದ ಹಾಗೆ ಉಜ್ಜುವ ಅಗತ್ಯ ಬೀಳಲಿಲ್ಲ, ಸಿಂಕ್ರೊಟ್ರಾನ್ ಅನ್ನುವ ಯಂತ್ರದ ಬಹಳ ಪ್ರಬಲವಾದ ಎಕ್ಸ್‌ರೇಯಲ್ಲಿ ತಲೆಯ ಒಳಗನ್ನು ನೋಡಿ 2011 ರಲ್ಲಿ ಪ್ರಕಟಿಸಿದರು. ಲ್ಯಾಂಪ್ರೆಯಲ್ಲಿ ಮೂಗಿನ ಚೀಲ ಒಂದೇ, ತಲೆಯ ನಡುವೆ. ಭ್ರೂಣದಲ್ಲಿ ದವಡೆ ಕಟ್ಟುವ ಜೀವಕೋಶಗಳು ಮುಂದೆ ಬರಬೇಕಾದ ದಾರಿಗೆ ಅದು ಅಡ್ಡ ಕೂತಿರುತ್ತದೆ. ಶೂಯುಗೆ ದವಡೆ ಇಲ್ಲ, ಆದರೆ ಮೂಗಿನ ಚೀಲ ಆಗಲೇ ಎರಡಾಗಿ ಪಕ್ಕಕ್ಕೆ ಸರಿದಿದೆ. ದವಡೆ ಬರುವ ಮೊದಲೇ ಅದಕ್ಕೆ ಜಾಗ ತೆರವಾಗಿತ್ತು. ಈ ಚಿತ್ರವನ್ನು ಮೊದಲ ಸಲ ನೋಡಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ.

ಈಗ ಪದದ ವಿಷಯಕ್ಕೆ ಬನ್ನಿ. ಅಕಶೇರುಕ ಅನ್ನುವ ಪದ ಬಿಟ್ಟಿದ್ದೇವಾ? ಅದೂ 'ಇಲ್ಲ' ಅನ್ನುವುದರಿಂದಲೇ ಆದದ್ದು. ಜೇಡ, ಬಸವನಹುಳು, ನಕ್ಷತ್ರಮೀನು ಒಂದೇ ವಂಶ ಅಂತ ಯಾರೂ ಹೇಳುವುದಿಲ್ಲ, ಆದರೂ ಆ ಪದದಿಂದ ಕೆಲಸ ಆಗುತ್ತದೆ. ಅಗ್ನಾಥಾ ಅದೇ ಥರದ ಪದ, ಒಂದು ಹಂತದ ಹೆಸರು. ದವಡೆ ಬರುವ ಮುಂಚಿನ ಮೀನುಗಳು ಅಂತ ಹೇಳಬೇಕಾದಾಗ ಇದಕ್ಕಿಂತ ಚಿಕ್ಕದಾದ ಹೆಸರು ಇಲ್ಲ. ವಂಶ ಹೇಳಬೇಕಾದಾಗ ಸೈಕ್ಲೊಸ್ಟೊಮಾಟಾ ಹೇಳೋಣ.

ನೇರಮಾತು

ಅಕಶೇರುಕದ ಹೋಲಿಕೆ ಒಪ್ಪಿದೆ. ಆದರೆ ಪಠ್ಯಪುಸ್ತಕದಲ್ಲಿ ಅಗ್ನಾಥಾ ಅಂತ ಬರೆದ ಜಾಗದಲ್ಲೇ "ಇದು ವಂಶದ ಹೆಸರಲ್ಲ" ಅಂತ ಒಂದು ಸಾಲು ಇರಲೇಬೇಕು. ಅದಿಲ್ಲದ್ದಕ್ಕೇ ನನಗೆ ಸಿಟ್ಟು ಬಂದದ್ದು.

ಸೈಕ್ಲೊಸ್ಟೊಮಾಟಾ ಬಗ್ಗೆಯೂ ಒಂದು ವಿಷಯ ಸೇರಿಸುತ್ತೇನೆ, ಯಾಕಂದರೆ ತಂಗಿಯ ಪುಸ್ತಕ ಯಾವ ಕಾಲದ್ದು ಅನ್ನುವುದರ ಮೇಲೆ ಇದು ಬೇರೆ ಬೇರೆ ಥರ ಇರುತ್ತದೆ. 1970 ರ ದಶಕದಿಂದ ಬಹಳ ಜನ ಆ ಹೆಸರನ್ನೂ ಬಿಟ್ಟಿದ್ದರು. ಮೈಯ ರಚನೆ ನೋಡಿದರೆ ಲ್ಯಾಂಪ್ರೆ ನಮಗೆ ಹತ್ತಿರ, ಹ್ಯಾಗ್‌ಫಿಶ್ ದೂರ ಅನಿಸುತ್ತಿತ್ತು. ಬೆನ್ನುಮೂಳೆ ಇಲ್ಲ ಅನ್ನುವ ಸಾಲು ಆ ಕಾಲದ ಪುಸ್ತಕಗಳಿಂದ ಇಳಿದು ಬಂದದ್ದು. ಆಮೇಲೆ ಡಿಎನ್‌ಎ ನೋಡಿದವರು ಎರಡೂ ಒಂದೇ ಕೊಂಬೆ ಅಂದರು. 2010 ರಲ್ಲಿ ಮೈಕ್ರೋಆರ್‌ಎನ್‌ಎ, ಅಂದರೆ ಜೀವಕೋಶದೊಳಗಿನ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು, ಹೋಲಿಸಿ ನೋಡಿದಾಗಲೂ ಅದೇ ಬಂತು. 1806 ರ ಹೆಸರು ಹಾಗೆ ವಾಪಸ್ ಬಂದಿದೆ.

ಫಾರ್ಮಲಿನ್ ಜಾರ್

ಇಬ್ಬರೂ ಸೇರಿ ನನಗೂ ಪಾಠ ಮಾಡಿದಿರಿ. ಪ್ರಾಚೀನ ಅನ್ನುವ ಪದಕ್ಕೆ ನಾನು ಒಂದು ಮಾತು ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಸುಮಾರು 36 ಕೋಟಿ ವರ್ಷ ಹಳೆಯ ಪ್ರಿಸ್ಕೊಮೈಜಾನ್ ಅನ್ನುವ ಲ್ಯಾಂಪ್ರೆ ಸಿಕ್ಕಿದೆ, 2006 ರಲ್ಲಿ ವಿವರಿಸಿದರು. ನಾಲ್ಕು ಸೆಂಟಿಮೀಟರ್ ಉದ್ದ, ಬಾಯಿ ಆಗಲೇ ಇವತ್ತಿನಂತೆಯೇ ದುಂಡು ಬಟ್ಟಲು, ಸುತ್ತ ಹಲ್ಲು. ಹಾಗಾಗಿ ಬಾಯಿ ಹಳೆಯದು ಅನ್ನಬಹುದು. ಮಿಕ್ಕದ್ದೆಲ್ಲ ಹಾಗೇ ನಿಂತಿದೆ ಅನ್ನೋಕಾಗಲ್ಲ. ಕೆಸರಿನಲ್ಲಿ ಹೂತಿರುವ ಅಮ್ಮೊಸೀಟ್ ಮರಿಯನ್ನೇ ನೋಡಿ. ನಮ್ಮೆಲ್ಲರ ಹಿರಿಯರು ಹೀಗೇ ಇದ್ದರು ಅಂತ ತಲೆಮಾರುಗಳಿಂದ ಪಾಠ ಮಾಡಿದ್ದೇವೆ, ನಾನೂ ಮಾಡಿದ್ದೇನೆ. 2021 ರಲ್ಲಿ ಹಳೆಯ ಲ್ಯಾಂಪ್ರೆಗಳ ಮರಿಗಳ ಪಳೆಯುಳಿಕೆಗಳ ಬಗ್ಗೆ ಬರೆದರು, ಪ್ರಿಸ್ಕೊಮೈಜಾನ್ ಮರಿಯೂ ಅದರಲ್ಲಿತ್ತು. ಮರಿಯಲ್ಲೇ ದೊಡ್ಡ ಕಣ್ಣು, ಹಲ್ಲಿರುವ ಬಟ್ಟಲು ಬಾಯಿ. ಕುರುಡು ಮರಿಯ ಹಂತ ಆಮೇಲೆ ಬಂದದ್ದು. ಲ್ಯಾಂಪ್ರೆಯೂ ಈ 36 ಕೋಟಿ ವರ್ಷ ಸುಮ್ನೆ ಕೂತಿರಲಿಲ್ಲ.

ರೋಗದ ವಿರುದ್ಧ ಹೋರಾಡುವ ರೀತಿಯೂ ಹಾಗೇ. ನಮ್ಮ ರಕ್ತದಲ್ಲಿರುವ ಆಂಟಿಬಾಡಿಗಳು ಇವಕ್ಕೆ ಇಲ್ಲ. ಅದೇ ಕೆಲಸಕ್ಕೆ ಬೇರೆಯೇ ಪ್ರೋಟೀನನ್ನು ಇವು ತಮ್ಮದೇ ದಾರಿಯಲ್ಲಿ ರೂಪಿಸಿಕೊಂಡಿವೆ, 2004 ರಲ್ಲಿ ಗೊತ್ತಾಯಿತು. ಲ್ಯಾಂಪ್ರೆ, ಹ್ಯಾಗ್‌ಫಿಶ್ ಎರಡರಲ್ಲೂ ಅದೇ ಇದೆ.

ಸಂಜೆಓದು

ನಿನ್ನೆ ರಾತ್ರಿ ಪೂರ್ತಿ ಓದಿ ಹೇಳಿದೆ. ಅವಳು ನೋಟ್ಸ್‌ನಲ್ಲಿ ಹೀಗೆ ಬರೆದುಕೊಂಡಿದ್ದಾಳೆ, ಸರಿ ಇದೆಯಾ ನೋಡಿ. "ಅಗ್ನಾಥಾ: ದವಡೆಯಿಲ್ಲದ ಮೀನುಗಳೆಲ್ಲಕ್ಕೂ ಹೆಸರು, ಒಂದೇ ವಂಶವಲ್ಲ. ಇವುಗಳಲ್ಲಿ ಬದುಕಿರುವ ಲ್ಯಾಂಪ್ರೆ, ಹ್ಯಾಗ್‌ಫಿಶ್ ಸೇರಿ ಸೈಕ್ಲೊಸ್ಟೊಮಾಟಾ. ಅಳಿದ ಗುರಾಣಿ ಮೀನುಗಳು ಆಸ್ಟ್ರಕೋಡರ್ಮ್, ಇವುಗಳಲ್ಲಿ ಕೆಲವು ನಮಗೆ ಹತ್ತಿರ."

ಇವತ್ತು ಲ್ಯಾಬಿನಲ್ಲಿ ಜಾರ್ ಕೇಳಿ ಇಳಿಸಿಕೊಂಡು ನೋಡಿದಳಂತೆ. ಚಿತ್ರ ಬರೆದಿದ್ದಾಳೆ. ಒಂದು ಕಡೆ ಆರೇ ತೂತು ಕಂಡಿತಂತೆ, ಮೂಗಿನ ಹೊಳ್ಳೆ ಸಿಗಲೇ ಇಲ್ಲವಂತೆ. ಸ್ಪೆಸಿಮನ್ ಹಾಳಾಗಿರಬಹುದಾ?

ಕಲ್ಲುಪುಟ

ನೋಟ್ಸ್ ಸರಿ ಇದೆ. ಹಾಗೇ ಬರೆಯಲಿ.

ಫಾರ್ಮಲಿನ್ ಜಾರ್

ಹಾಳಾಗಿರುವುದಿಲ್ಲ. ಹಳೆಯ ಸ್ಪೆಸಿಮನ್ ಸುಕ್ಕುಗಟ್ಟಿದಾಗ ಒಂದು ತೂತು ಮಡಿಕೆಯೊಳಗೆ ಮುಚ್ಚಿಹೋಗುತ್ತದೆ, ಸಾಮಾನ್ಯವಾಗಿ ಕೊನೆಯದು. ಇನ್ನೊಂದು ಪಕ್ಕ ಎಣಿಸಲಿ, ಏಳು ಸಿಗುತ್ತದೆ. ಹೊಳ್ಳೆಯನ್ನು ಮೂತಿಯ ತುದಿಯಲ್ಲಿ ಹುಡುಕಿದ್ದಾಳೆ ಅನಿಸುತ್ತೆ. ಅದು ಅಲ್ಲಿಲ್ಲ. ನೆತ್ತಿಯ ಮೇಲೆ, ಎರಡು ಕಣ್ಣಿನ ನಡುವೆ ಸ್ವಲ್ಪ ಮುಂದೆ, ಒಂದೇ ಒಂದು ಚುಕ್ಕೆ. ಅದರ ಹಿಂದೆಯೇ ಬಟಾಣಿಗಿಂತ ಚಿಕ್ಕದಾದ ಒಂದು ತಿಳಿ ಬಣ್ಣದ ಮಚ್ಚೆ ಕಾಣಬೇಕು. ಅಲ್ಲಿ ಚರ್ಮ ತೆಳು, ಕೆಳಗೆ ಬೆಳಕು ಗುರುತಿಸುವ ಪೀನಿಯಲ್ ಅಂಗ ಇದೆ. ಅದನ್ನೂ ಚಿತ್ರದಲ್ಲಿ ಗುರುತಿಸಲಿ, ಎಷ್ಟೋ ಜನ ಬಿಟ್ಟುಬಿಡುತ್ತಾರೆ.